ಬಾಗಿಯೊಗೆ ಹೊರಟಿದ್ದೀರಾ? ಸ್ವೆಟರ್ ಕೈಚೀಲದಲ್ಲೇ ಇರಲಿ

ಫಿಲಿಪ್ಪೀನ್ಸಿನ ರಾಜಧಾನಿ ಮನಿಲಾದಲ್ಲಿ ಬಸ್ ಹತ್ತುವಾಗ ಬೆವರು ಸುರಿಯುತ್ತಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ಬಾಗಿಯೊದಲ್ಲಿ ಇಳಿದಾಗ ಹಲ್ಲು ಕಟಕಟ ಅನ್ನುತ್ತಿತ್ತು. ಸ್ವೆಟರ್ ಎಲ್ಲಿತ್ತು? ಡಿಕ್ಕಿಯಲ್ಲಿದ್ದ ಸೂಟ್‌ಕೇಸಿನ ತಳದಲ್ಲಿ.

ಮನಿಲಾದಿಂದ ಸುಮಾರು 250 ಕಿ.ಮೀ., ಬಸ್ಸಿಗೆ ಐದಾರು ಗಂಟೆ. ಊರು ಇರುವುದು ಸುಮಾರು 1,500 ಮೀಟರ್ ಎತ್ತರದಲ್ಲಿ. ರಾತ್ರಿ ಬಸ್ ಹಿಡಿದರೆ ರೂಮ್ ಬಾಡಿಗೆ ಉಳಿಯುತ್ತದೆ ಅಂತ ನಾನೂ ಲೆಕ್ಕ ಹಾಕಿದ್ದೆ. ಹೋಟೆಲಿನವರು ಮಧ್ಯಾಹ್ನ ಎರಡಕ್ಕೆ ಮುಂಚೆ ರೂಮ್ ಕೊಡಲಿಲ್ಲ. ಬ್ಯಾಗ್ ಅಲ್ಲೇ ಇಟ್ಟು, ಬರ್ನಮ್ ಪಾರ್ಕಿನ ಬೆಂಚಿನ ಮೇಲೆ ಕೂತು ಬೆಳಕು ಹರಿಯುವುದನ್ನು ಕಾದೆ. ನೀವು ಬೆಳಗಿನ ಬಸ್ಸಿಗೇ ಹೊರಡಿ.

ಆದರೆ ಆ ಬೆಂಚಿನಿಂದ ಒಂದು ಲಾಭವಾಯಿತು. ‘ತಾಹೊ’ ಅಂತ ರಾಗವಾಗಿ ಕೂಗುತ್ತಾ ಒಬ್ಬ ಬಂದ. ಹೆಗಲ ಮೇಲಿನ ಬಿದಿರಿಗೆ ಆಚೆಗೊಂದು ಈಚೆಗೊಂದು ಅಲ್ಯೂಮಿನಿಯಂ ಡಬ್ಬ. ಒಂದರಲ್ಲಿ ಗಟ್ಟಿ ಮೊಸರಿನಂಥ ಬಿಸಿ ಸೋಯಾ, ಇನ್ನೊಂದರಲ್ಲಿ ಪಾಕ ಮತ್ತು ಸಬ್ಬಕ್ಕಿ. ಚಪ್ಪಟೆ ಚಮಚದಲ್ಲಿ ಸೋಯಾವನ್ನು ತೆಳ್ಳಗೆ ಕೆರೆದು ಲೋಟಕ್ಕೆ ಹಾಕಿ, ಮೇಲೆ ಪಾಕ ಸುರಿದ. ಬೇರೆ ಊರುಗಳಲ್ಲಿ ಅದು ಕಂದು ಸಕ್ಕರೆ ಪಾಕ. ಇಲ್ಲಿ ಸ್ಟ್ರಾಬೆರಿ! ಪಕ್ಕದ ಲಾ ಟ್ರಿನಿಡಾಡ್‌ನಲ್ಲಿ ಹೊಲಗಟ್ಟಲೆ ಬೆಳೆಯುತ್ತಾರಲ್ಲ, ಅದಕ್ಕೆ. ಸಸ್ಯಾಹಾರಿಗಳು ಯೋಚನೆ ಮಾಡದೆ ತಿನ್ನಬಹುದಾದ ತಿಂಡಿ ಇದು.

ಊಟದ್ದು ಮಾತ್ರ ಅಷ್ಟು ಸುಲಭವಲ್ಲ. ಸುತ್ತಲಿನ ಬೆಂಗೆಟ್ ಪ್ರಾಂತ್ಯದಿಂದಲೇ ಮನಿಲಾಕ್ಕೆ ಎಲೆಕೋಸು, ಕ್ಯಾರೆಟ್, ಆಲೂಗಡ್ಡೆ ಹೋಗುತ್ತದೆ. ಆದರೂ ಇಲ್ಲಿನ ತರಕಾರಿ ಪಲ್ಯದಲ್ಲಿ ಹಂದಿ ಮಾಂಸದ ಚೂರೋ ಸೀಗಡಿಯ ‘ಬಾಗೊಂಗ್’ ಪೇಸ್ಟೋ ಇರುವುದು ಮಾಮೂಲು. ‘ವಾಲಂಗ್ ಕರ್ನೆ, ವಾಲಂಗ್ ಬಾಗೊಂಗ್’ ಅಂತ ಬಾಯಿಪಾಠ ಮಾಡಿಕೊಳ್ಳಿ. ಮಾಂಸ ಬೇಡ, ಬಾಗೊಂಗ್ ಬೇಡ ಅಂತ.

ಪಾರ್ಕಿಗೆ ಬರ್ನಮ್ ಹೆಸರು ಯಾಕೆ ಅಂದರೆ, 1905ರಲ್ಲಿ ಊರಿನ ನಕ್ಷೆ ಹಾಕಿದ್ದು ಷಿಕಾಗೋದ ಡೇನಿಯಲ್ ಬರ್ನಮ್. ಆಗ ಫಿಲಿಪ್ಪೀನ್ಸ್ ಅಮೆರಿಕದ ಕೈಯಲ್ಲಿತ್ತು. ಬ್ರಿಟಿಷರಿಗೆ ಶಿಮ್ಲಾ ಇದ್ದ ಹಾಗೆ, ಮನಿಲಾದ ಸೆಕೆ ತಾಳಲಾರದ ಅಮೆರಿಕನ್ ಆಡಳಿತಗಾರರಿಗೂ ಒಂದು ತಂಪು ಊರು ಬೇಕಿತ್ತು. ಅವನು ಲೆಕ್ಕ ಹಾಕಿದ್ದು ಸುಮಾರು 25,000 ಜನಕ್ಕೆ. 2020ರ ಜನಗಣತಿಯಲ್ಲಿ ಇದ್ದವರು 3,66,000ಕ್ಕೂ ಹೆಚ್ಚು. ಶನಿವಾರ, ಭಾನುವಾರ ಟ್ಯಾಕ್ಸಿಯಲ್ಲಿ ಕೂತರೆ ಈ ವ್ಯತ್ಯಾಸ ಮೈಗೇ ತಟ್ಟುತ್ತದೆ. ವಾರದ ಮಧ್ಯೆ ಹೋಗಿ.

ಅಮೆರಿಕನ್ನರು ಬರುವ ಮುಂಚೆ ಇದು ಇಲ್ಲಿನ ಮೂಲನಿವಾಸಿಗಳಾದ ಇಬಲೊಯ್ ಜನರ ದನ ಮೇಯುವ ಹುಲ್ಲುಗಾವಲು. ಹೆಸರು ಕಫಗ್ವೇ. ಮಾಟಿಯೊ ಕಾರಿನ್ಯೊ ಎಂಬ ಇಬಲೊಯ್ ಮುಖಂಡ ತನ್ನ ಜಮೀನಿಗಾಗಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋದ. 1909ರ ಫೆಬ್ರವರಿ 23ರಂದು ಗೆದ್ದ. ಕಾಗದಪತ್ರ ಇಲ್ಲದಿದ್ದರೂ ತಲೆತಲಾಂತರದಿಂದ ಅನುಭವಿಸಿಕೊಂಡು ಬಂದ ನೆಲ ಅವರದೇ ಎಂದಿತು ಕೋರ್ಟ್. ಅದೇ ವರ್ಷ ಸೆಪ್ಟೆಂಬರ್ 1ಕ್ಕೆ ಬಾಗಿಯೊ ಅಧಿಕೃತವಾಗಿ ನಗರವಾಯಿತು. ಪಾರ್ಕಿನಲ್ಲೇ ಇಬಲೊಯ್ ಪಾರಂಪರಿಕ ತೋಟವಿದೆ. ಹಂಸದ ದೋಣಿಗೆ ಕ್ಯೂ ನಿಲ್ಲುವವರು ಅತ್ತ ತಲೆ ಹಾಕುವುದೇ ಇಲ್ಲ. ನೀವು ಹೋಗಿ.

ಅಲ್ಲಿಂದ ಊರಿನ ಮುಖ್ಯ ಬೀದಿ ಸೆಷನ್ ರೋಡ್ ಹತ್ತಿರ, ನಡೆದೇ ಹೋಗಿ. ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ ಗುಲಾಬಿ ಬಣ್ಣದ ಕೆಥೆಡ್ರಲ್. 1945ರ ಬಾಂಬ್ ದಾಳಿಯಲ್ಲಿ ಸಾವಿರಾರು ಜನ ಜೀವ ಉಳಿಸಿಕೊಳ್ಳಲು ಓಡಿ ಬಂದದ್ದು ಇಲ್ಲಿಗೇ. ಪೈನ್ ಮರಗಳ ನಡುವೆ ‘ಕ್ಯಾಂಪ್ ಜಾನ್ ಹೇ’ ಎಂಬ, ಹಿಂದೆ ಅಮೆರಿಕನ್ ಸೈನಿಕರ ವಿಶ್ರಾಂತಿಧಾಮವಾಗಿದ್ದ ಜಾಗಕ್ಕೆ ಅರ್ಧ ದಿನ ಇಡಿ. ಜಪಾನಿನ ಜನರಲ್ ಯಮಶಿತ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದು, 1945ರ ಸೆಪ್ಟೆಂಬರ್ 3ರಂದು, ಇದರ ಆವರಣದ ಒಂದು ಬಂಗಲೆಯಲ್ಲಿ. ಅದೀಗ ಅಮೆರಿಕದ ರಾಯಭಾರಿಯ ಬೇಸಿಗೆ ನಿವಾಸ, ಸುಮ್ನೆ ಒಳಗೆ ಬಿಡುವುದಿಲ್ಲ.

ಮೈನ್ಸ್ ವ್ಯೂ ಪಾರ್ಕ್ ನನಗೆ ಹಿಡಿಸಲಿಲ್ಲ. ಕಣಿವೆಗಿಂತ ಸೆಲ್ಫಿ ಕೋಲುಗಳೇ ಜಾಸ್ತಿ ಕಂಡವು. ಆ ಸಮಯವನ್ನು ಆಸಿನ್ ರಸ್ತೆಯ ಬೆನ್‌ಕ್ಯಾಬ್ ಕಲಾ ಮ್ಯೂಸಿಯಂಗೆ ಕೊಡಿ. ಅಲ್ಲಿ ಒಂದು ಗೋಡೆಯ ತುಂಬ ‘ಬುಲುಲ್’ಗಳು. ಭತ್ತ ಕಾಯುವ ಮರದ ಮೂರ್ತಿಗಳವು. ಮೊಣಕಾಲ ಮೇಲೆ ಕೈ ಕಟ್ಟಿ ಕೂತ ಕೆಲವಂತೂ ನಮ್ಮೂರ ಜಗಲಿಯಲ್ಲಿ ಮಳೆ ನೋಡುವ ಅಜ್ಜಂದಿರ ಥರವೇ ಇದ್ದವು. ಸೋಮವಾರ ರಜೆ, ನೆನಪಿರಲಿ.

ಮಳೆ ಅಂದೆನಲ್ಲ, ಜುಲೈಯಿಂದ ಸೆಪ್ಟೆಂಬರ್‌ವರೆಗೆ ಈ ಕಡೆ ಬರಬೇಡಿ. 1911ರ ಜುಲೈನಲ್ಲಿ ಇಲ್ಲಿ 24 ಗಂಟೆಯಲ್ಲಿ 1,168 ಮಿ.ಮೀ. ಸುರಿದಿತ್ತು. ಊರಿಗೆ ಹತ್ತಿಬರುವ, 1905ರಲ್ಲಿ ತೆರೆದ ಹಳೆಯ ಕೆನನ್ ರಸ್ತೆ ಗುಡ್ಡ ಕುಸಿದು ಆಗಾಗ ಮುಚ್ಚುತ್ತದೆ. ಫೆಬ್ರವರಿಯ ಪನಗ್‌ಬೆಂಗಾ ಹೂವಿನ ಹಬ್ಬ ಚೆಂದವೇ, ಆದರೆ ರೂಮ್ ತಿಂಗಳುಗಳ ಮುಂಚೆಯೇ ಬುಕ್ ಆಗಬೇಕು. 2025ರ ಜೂನ್‌ನಿಂದ ಭಾರತೀಯ ಪ್ರವಾಸಿಗರಿಗೆ 14 ದಿನ ವೀಸಾ ಬೇಡ. ವಾಪಸ್ ಟಿಕೆಟ್ ಮತ್ತು ಹೋಟೆಲ್ ಬುಕಿಂಗ್ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ.

ವಾಪಸ್ ಬಸ್ಸಿನಲ್ಲಿ ಎಷ್ಟೋ ಜನರ ಕೈಯಲ್ಲಿ ಪೊರಕೆ! ಮೆತ್ತನೆಯ ಹುಲ್ಲಿನ ಪೊರಕೆ ತರದೆ ಬಾಗಿಯೊದಿಂದ ಯಾರೂ ಬರುವುದಿಲ್ಲವಂತೆ. ನಾನೂ ಒಂದು ಕೊಂಡೆ. ಸೂಟ್‌ಕೇಸಿಗೆ ಹಿಡಿಸಲಿಲ್ಲ. ಕೊನೆಗೆ ಹಿಡಿ ಕತ್ತರಿಸಿ ತಂದೆ.