ಜರ್ಮನಿಯಲ್ಲಿ ಹಲ್ಲು ಕಟ್ಟಿಸೋದು: ಮೊದಲು ಕಾಗದ, ಆಮೇಲೆ ಡ್ರಿಲ್

ಸ್ಟುಟ್‌ಗಾರ್ಟಿಗೆ ಹೊಸದಾಗಿ ಬರುವ ನಮ್ಮವರು ಮನೆ ಬಾಡಿಗೆ ಕೇಳುತ್ತಾರೆ, ಸೋನಾ ಮಸೂರಿ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ. ಹಲ್ಲಿನ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ. "ಊರಿಗೆ ಹೋದಾಗ ತೋರಿಸಿದರಾಯ್ತು" ಅನ್ನೋ ಧೈರ್ಯ. ನನ್ನ ಕೆಳಗಿನ ದವಡೆ ಹಲ್ಲೊಂದು ಬೇರಿನ ತನಕ ಸೀಳಿ, ಅದನ್ನು ಕೀಳಿಸಬೇಕಾಗಿ ಬಂದಾಗ ಇಲ್ಲಿನ ಪದ್ಧತಿ ಏನು ಅಂತ ಗೊತ್ತಾಯ್ತು.

ಮೈಸೂರಲ್ಲಾದರೆ ಡಾಕ್ಟರು ಬಾಯಿ ನೋಡಿ, ರೇಟು ಹೇಳಿ, "ನಾಳೆ ಬನ್ನಿ, ಅಳತೆ ತಗೊಳ್ಳೋಣ" ಅಂತಾರೆ. ಇಲ್ಲಿ ಮೊದಲು ಒಂದು ಪ್ಲಾನ್ ಬರೆಯುತ್ತಾರೆ. ಹೈಲ್ ಉಂಡ್ ಕೋಸ್ಟೆನ್‌ಪ್ಲಾನ್ ಅಂತ ಅದರ ಹೆಸರು. ಯಾವ ಹಲ್ಲು ಇಲ್ಲ, ಯಾವುದಕ್ಕೆ ಕ್ಯಾಪ್, ಖರ್ಚೆಷ್ಟು ಎಲ್ಲ ಅದರಲ್ಲಿರುತ್ತದೆ. ಅದು ಕ್ರಾಂಕನ್‌ಕಾಸೆಗೆ, ಅಂದರೆ ನಮ್ಮ ಆರೋಗ್ಯ ವಿಮೆಯವರಿಗೆ ಹೋಗುತ್ತದೆ. ಅವರು ಹೂಂ ಅನ್ನುವ ತನಕ ಡಾಕ್ಟರು ಡ್ರಿಲ್ ಮುಟ್ಟುವುದಿಲ್ಲ. ಒಪ್ಪಿಗೆ ಬಂದ ಮೇಲೆ 6 ತಿಂಗಳೊಳಗೆ ಕೆಲಸ ಮುಗಿಯಬೇಕು. ಹಲ್ಲು ಕಿತ್ತ ಜಾಗ ಮಾಯಲು ಹೇಗೂ ಎರಡು ಮೂರು ತಿಂಗಳು ಬೇಕು, ಹಾಗಾಗಿ ನನಗೇನೂ ಅವಸರವಿರಲಿಲ್ಲ.

ಈಗ ದುಡ್ಡಿನ ವಿಷಯ. "ವಿಮೆಯವರು 60% ಕೊಡ್ತಾರೆ" ಅಂತ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಆಗಾಗ ಯಾರಾದರೂ ಬರೆಯುತ್ತಾರೆ. ಅರ್ಧ ನಿಜ. ಆ 60% ನಿಮ್ಮ ಬಿಲ್ಲಿನದ್ದಲ್ಲ. ಇಂಥ ತೊಂದರೆಗೆ ಇಂಥ ಸಾದಾ ಚಿಕಿತ್ಸೆ ಅಂತ ಮೊದಲೇ ಗೊತ್ತು ಮಾಡಿರುತ್ತಾರೆ, ಅದರ ಖರ್ಚಿನ 60%. ಸಾದಾ ಚಿಕಿತ್ಸೆಗೆ 1000 ಯೂರೋ ಅಂತಿಟ್ಟುಕೊಳ್ಳಿ, 600 ಸಿಗುತ್ತದೆ. ನೀವು 3000 ಯೂರೋದ ಇಂಪ್ಲಾಂಟ್ (ದವಡೆ ಮೂಳೆಗೆ ತಿರುಪು ಕೂರಿಸಿ ಅದರ ಮೇಲೆ ನಿಲ್ಲಿಸುವ ಹಲ್ಲು) ಹಾಕಿಸಿಕೊಂಡರೂ ಅದೇ 600. ಮಿಕ್ಕಿದ್ದು ನಿಮ್ಮ ಜೇಬಿನಿಂದ.

ಈ 60 ಅನ್ನು 70 ಮಾಡುವುದು ಒಂದು ಪುಟ್ಟ ಪುಸ್ತಕ, ಬೋನಸ್‌ಹೆಫ್ಟ್. ವರ್ಷಕ್ಕೊಮ್ಮೆ ಹಲ್ಲು ತೋರಿಸಿದರೆ ಅದರಲ್ಲಿ ಒಂದು ಮುದ್ರೆ ಬೀಳುತ್ತದೆ. ಸತತ 5 ವರ್ಷ ಮುದ್ರೆ ಇದ್ದರೆ 70%, 10 ವರ್ಷ ಇದ್ದರೆ 75%. ತಪಾಸಣೆಗೆ ದುಡ್ಡಿಲ್ಲ, ಪುಸ್ತಕಕ್ಕೂ ಇಲ್ಲ. ಹಲ್ಲು ನೋಯದಿದ್ದಾಗಲೂ ಡಾಕ್ಟರ ಹತ್ತಿರ ಹೋಗುವವನಿಗೆ ವಿಮೆಯವರು ಕೊಡುವ ಬಹುಮಾನ ಇದು. ನಮ್ಮವರಿಗೆ ಒಗ್ಗದ ಅಭ್ಯಾಸ, ಅಲ್ವಾ?

ಕಿತ್ತ ಹಲ್ಲಿನ ಜಾಗಕ್ಕೆ ನನ್ನ ಮುಂದಿದ್ದದ್ದು ಇಂಪ್ಲಾಂಟ್ ಇಲ್ಲವೇ ಬ್ರಿಡ್ಜ್. ಬ್ರಿಡ್ಜ್ ಅಂದರೆ ಖಾಲಿ ಜಾಗದ ಅಕ್ಕಪಕ್ಕದ ಎರಡೂ ಹಲ್ಲುಗಳನ್ನು ಸುತ್ತಲೂ ಅರೆದು ಸಣ್ಣ ಮಾಡಿ, ಅವಕ್ಕೆ ಕ್ಯಾಪ್ ತೊಡಿಸಿ, ನಡುವಿನ ಹಲ್ಲನ್ನು ಆ ಕ್ಯಾಪುಗಳಿಗೆ ಸೇರಿಸಿ ನಿಲ್ಲಿಸುವುದು. ಅರೆದ ಹಲ್ಲು ಮತ್ತೆ ಮೊದಲಿನಂತಾಗುವುದಿಲ್ಲ. ಆಚೀಚೆ ಗಟ್ಟಿಮುಟ್ಟಾದ ಹಲ್ಲಿದ್ದರೆ ನಾನೂ ಇಂಪ್ಲಾಂಟೇ ಅನ್ನುತ್ತಿದ್ದೆ. ನನ್ನವೆರಡರಲ್ಲೂ ಆಗಲೇ ದೊಡ್ಡ ದೊಡ್ಡ ಫಿಲ್ಲಿಂಗ್ ಇತ್ತು, ಇವತ್ತಲ್ಲ ನಾಳೆ ಕ್ಯಾಪ್ ಬೇಕಾಗುತ್ತಿದ್ದ ಹಲ್ಲುಗಳೇ. ಹಾಗಾಗಿ ಬ್ರಿಡ್ಜ್ ಅಂತ ತೀರ್ಮಾನವಾಯ್ತು. ಜಾಗವನ್ನು ಸುಮ್ನೆ ಖಾಲಿ ಬಿಡಬಹುದಿತ್ತಲ್ಲ ಅಂತ ಗೆಳೆಯರು ಕೇಳಿದರು. ಬಿಟ್ಟರೆ ಪಕ್ಕದ ಹಲ್ಲುಗಳು ನಿಧಾನವಾಗಿ ಆ ಕಡೆ ವಾಲುತ್ತವೆ, ಮೇಲಿನ ಹಲ್ಲು ಕೆಳಗಿಳಿಯುತ್ತದೆ.

ಇನ್ನೊಂದು ತಮಾಷೆ ಇದೆ. ಸಾದಾ ಚಿಕಿತ್ಸೆಯಲ್ಲಿ ಹಲ್ಲಿನ ಬಣ್ಣ ಸಿಗುವುದಕ್ಕೂ ಗಡಿ ಉಂಟು. ಮುಂದಿನಿಂದ ಎಣಿಸಿದರೆ ಮೇಲ್ಗಡೆ ಐದನೇ ಹಲ್ಲಿನ ತನಕ, ಕೆಳಗಡೆ ನಾಲ್ಕನೆಯದರ ತನಕ. ಅದರಾಚೆ ಬರೀ ಲೋಹ. ನನ್ನ ಬ್ರಿಡ್ಜ್ ಕೆಳಗಡೆ ಐದರಿಂದ ಏಳರ ತನಕ. ಬಿಳಿ ಜಿರ್ಕೋನಿಯಾ (ಪಿಂಗಾಣಿಯಂಥ ಗಟ್ಟಿ ವಸ್ತು) ಬೇಕಾದರೆ ಜಾಸ್ತಿ ದುಡ್ಡು. ಲೋಹವೂ ಚೆನ್ನಾಗಿ ಬಾಳಿಕೆ ಬರುತ್ತದೆ, ಹಲ್ಲನ್ನು ಅರೆಯುವುದೂ ಸ್ವಲ್ಪ ಕಮ್ಮಿ. ಲೋಹವೇ ಇರಲಿ ಅಂದೆ. ವಿಡಿಯೋ ಕಾಲ್‌ನಲ್ಲಿ ಬಾಯಿ ತೆರೆದು ತೋರಿಸಿದಾಗ ಅಮ್ಮ, "ಯೂರೋದಲ್ಲಿ ಸಂಬಳ ತಗೊಂಡು ಸ್ಟೀಲ್ ಹಲ್ಲು ಹಾಕಿಸ್ಕೊಂಡ್ಯೇನೋ!" ಅಂದರು.

ಊರಲ್ಲೇ ಮಾಡಿಸಿದರೆ ಅಗ್ಗ ಅನ್ನುವುದೇನೋ ನಿಜ. ನಮ್ಮ ಡಾಕ್ಟರುಗಳ ಕೈಚಳಕಕ್ಕೂ ಕೊರತೆಯಿಲ್ಲ. ತಾಪತ್ರಯ ರಜೆಯದ್ದು. ಮೂರು ವಾರದಲ್ಲಿ ಮದುವೆ ಮನೆ, ದೇವಸ್ಥಾನ, ನೆಂಟರ ಊಟದ ಮಧ್ಯೆ ಹಲ್ಲು ಕಿತ್ತು, ಗಾಯ ಮಾಯ್ದು, ಬ್ರಿಡ್ಜ್ ಕೂರಿಸಿಕೊಂಡು ಬರಲಾಗುವುದಿಲ್ಲ. ಒಂದೇ ಕ್ಯಾಪ್ ಆದರೆ ಆದೀತು. ಆದರೆ ಹಾಗೆ ಊರಲ್ಲಿ ಮಾಡಿಸಿದ್ದಕ್ಕೆ ಇಲ್ಲಿನ ಸರಕಾರಿ ವಿಮೆಯವರು ಕೊಡುವುದಿಲ್ಲ. ಕಚ್ಚುವಾಗ ಎತ್ತರ ಅನ್ನಿಸಿದರೆ ಸರಿ ಮಾಡಿಸಲು ಅದೇ ಡಾಕ್ಟರ ಹತ್ತಿರ ಹೋಗುವುದೂ ಕಷ್ಟ. ಇಲ್ಲಿ ಹಾಕಿಸಿದ ಬ್ರಿಡ್ಜಿಗೆ ಕಾನೂನಿನಂತೆ 2 ವರ್ಷ ಡಾಕ್ಟರೇ ಹೊಣೆ.

ಈ ವರ್ಷ ಬರುವವರಿದ್ದರೆ, ವಿಮೆ ಕಾರ್ಡು ಕೈಗೆ ಬಂದ ಮೇಲೆ ಹತ್ತಿರದ ಹಲ್ಲಿನ ಡಾಕ್ಟರಲ್ಲಿ ಒಂದು ಟೆರ್ಮಿನ್, ಅಂದರೆ ಅಪಾಯಿಂಟ್‌ಮೆಂಟ್ ತಗೊಳ್ಳಿ. ಬೋನಸ್‌ಹೆಫ್ಟ್ ಬೇಕು ಅಂತ ನೀವಾಗಿಯೇ ಕೇಳಿ. 12 ತುಂಬಿದ ಮಕ್ಕಳಿದ್ದರೆ ಅವರಿಗೂ ಒಂದು ಕೇಳಿ. 18 ಆಗುವ ತನಕ ಅವರು ಆರು ತಿಂಗಳಿಗೊಮ್ಮೆ ಮುದ್ರೆ ಹಾಕಿಸಬೇಕು.