ಐವತ್ತು ಕೋಡು ವೆನಿಲ್ಲಾ ಹಸಿ ಕಸಕ್ಕೆ ಹಾಕಿದ ದಿನ

ಇದನ್ನ ಬರೀಬಾರ್ದು ಅಂತಾನೇ ಇದ್ದೆ. ಆದ್ರೆ ನಮ್ಮ ಕಿಚನ್‌ಗೆ ಯಾರೇ ಹೊಸಬರು ಸೇರಿದ್ರೂ ಮೊದಲ ವಾರದಲ್ಲೇ ಈ ಕತೆ ಅವರ ಕಿವಿಗೆ ಬೀಳುತ್ತೆ, ಅದೂ ಪ್ರತಿ ಸಲ ಸ್ವಲ್ಪ ಒಗ್ಗರಣೆ ಜಾಸ್ತಿ ಆಗಿ. ಹಂಗಾಗಿ ನನ್ನ ಕಡೆಯಿಂದಲೂ ಒಂದ್ಸಲ ಹೇಳಿಬಿಡ್ತೀನಿ.

ಬೆಂಗಳೂರಲ್ಲಿ ಒಂದು ಸಣ್ಣ ಕೇಕ್ ಕಿಚನ್, ಅಲ್ಲಿ ನಾನು ಸ್ಟೋರ್ಸ್ ಮತ್ತೆ ಹೈಜೀನ್ ಎರಡೂ ನೋಡ್ಕೋತೀನಿ. ಇಂಡೆಂಟು, ಫಿಫೊ (ಮೊದಲು ಬಂದ ಸಾಮಾನು ಮೊದಲು ಖರ್ಚು ಮಾಡೋದು), ವೇಸ್ಟೇಜ್ ರಿಜಿಸ್ಟರು, ಪೆಸ್ಟ್ ಕಂಟ್ರೋಲ್‌ನವರ ಹಿಂದೆ ಬೀಳೋದು, ಎಲ್ಲಾ ನನ್ನದೇ ತಲೆನೋವು. ಕೆಳಗೆ ಕಿಚನ್, ಮೇಲೆ ಮೇಡಂ ಮನೆ. ತೊಂದರೆ ಶುರು ಆಗೋದೇ ಇಲ್ಲಿ. ಮನೆ ಸಾಮಾನು ಯಾವುದು ಕಿಚನ್ ಸಾಮಾನು ಯಾವುದು ಅನ್ನೋದು ಮೂರು ವರ್ಷದಿಂದ ಯಾರಿಗೂ ಬಗೆಹರಿದಿಲ್ಲ, ಒಂದ್ಸಲ ಅವರ ಅತ್ತೆಯ ಕಷಾಯದ ಪುಡಿ ಕೋಕೋ ಪಕ್ಕದಲ್ಲಿ ಕೂತಿತ್ತು.

ಮೇಡಂ ಮೇಲೆ ಮನೇಲಿ ವೆನಿಲ್ಲಾ ಎಕ್ಸ್‌ಟ್ರಾಕ್ಟ್ ಮಾಡ್ತಾರೆ. ಮಾರಕ್ಕಲ್ಲ, ಮನೆಗೆ, ಹಬ್ಬಕ್ಕೆ ನೆಂಟರಿಗೆ ಕೊಡೋಕೆ. ಮಾಡೋದು ದೊಡ್ಡ ವಿದ್ಯೆ ಏನಲ್ಲ, ಲೀಟರ್ ವೋಡ್ಕಾಗೆ 100 ಗ್ರಾಂ ಕ್ಯೂರ್ ಆದ, ಅಂದ್ರೆ ಹದ ಮಾಡಿ ಒಣಗಿಸಿದ ಕೋಡು, ಅಮೆರಿಕದಲ್ಲಿ ಎಕ್ಸ್‌ಟ್ರಾಕ್ಟ್ ಅಂತ ಹೆಸರಿಟ್ಟು ಮಾರಬೇಕಂದ್ರೆ ಇರೋ ಲೆಕ್ಕವೂ ಹೆಚ್ಚುಕಮ್ಮಿ ಅಷ್ಟೇ, ಆಲ್ಕೋಹಾಲ್ ಮಾತ್ರ ಕನಿಷ್ಠ 35 ಪರ್ಸೆಂಟ್ ಇರಬೇಕು, ನಮ್ಮಲ್ಲಿ ಸಿಗೋ ವೋಡ್ಕಾ ಬಾಟ್ಲಿ ಮೇಲೆ 42.8 ಅಂತ ಇರುತ್ತೆ, ಸಾಕು. ಕೋಡನ್ನ ಉದ್ದಕ್ಕೆ ಸೀಳಿ, ಪೂರ್ತಿ ಮುಳುಗೋ ಹಂಗೆ ಹಾಕಿ, ಕತ್ತಲಲ್ಲಿ ಇಟ್ಟು ವಾರಕ್ಕೊಂದ್ಸಲ ಅಲ್ಲಾಡಿಸೋದು. ಎರಡು ತಿಂಗಳಿಗೆ ಬಳಸಬಹುದು, ಆರು ತಿಂಗಳು ಬಿಟ್ರೆ ಮೂಸಿದವರು ಸುಮ್ಮನಾಗ್ತಾರೆ. ನಾವು ಕೆಳಗೆ ಕ್ಯಾನ್‌ಗಟ್ಟಲೆ ತರಿಸೋ ಎಸೆನ್ಸು ಬರೀ ಸಿಂಥೆಟಿಕ್ ವೆನಿಲಿನ್ (ವೆನಿಲ್ಲಾಗೆ ಆ ವಾಸನೆ ಕೊಡೋ ಅಂಶ), ಅದಕ್ಕೂ ಇದಕ್ಕೂ ಹೋಲಿಕೆ ಮಾಡಬೇಡಿ.

ಆದ್ರೆ ಆ ಕೋಡುಗಳನ್ನ ಇಡ್ತಿದ್ದದ್ದು ಎಲ್ಲಿ? ನಮ್ಮ ಡ್ರೈ ಸ್ಟೋರಲ್ಲಿ. ತಂಪಿರುತ್ತೆ ಅಂತ. ಹಳೇ ಬಿಸ್ಕತ್ ಟಿನ್ನು, ಒಳಗೆ ಬಟರ್ ಪೇಪರ್ ಸುತ್ತಿ, ಲೇಬಲ್ ಇಲ್ಲ, ಡೇಟ್ ಇಲ್ಲ, ಇನ್ವೆಂಟರಿಲಿ ಎಂಟ್ರಿ ಇಲ್ಲ. ಯಾರೂ ನಂಗೆ ಒಂದು ಮಾತು ಹೇಳಿರಲೂ ಇಲ್ಲ.

ಅವತ್ತು ಹನ್ನೊಂದಕ್ಕೆ ಆಡಿಟ್. ಹತ್ತೂಕಾಲಿಗೆ ಕೊನೇ ರೌಂಡ್ ಹಾಕ್ತಾ ಮೇಲಿನ ರ‍್ಯಾಕ್ ಹಿಂದೆ ಈ ಟಿನ್ ಸಿಕ್ತು. ತೆಗೆದೆ. ಕರೀ ಕೋಡುಗಳ ಮೈ ತುಂಬಾ ಬೆಳ್ಳಗೆ. ಎದೆ ಝಲ್ ಅಂತು, ಆಡಿಟರ್ ಕೈಗೆ ಸಿಕ್ಕಿದ್ರೆ ಇದೊಂದೇ ಸಾಕಿತ್ತು. ನಮ್ಮ ಒಡಿಶಾದ ಹುಡುಗ ಬಗ್ಗಿ ನೋಡಿ ‘ಭಯ್ಯಾ, ಯೇ ತೋ ಚಮಕ್ ರಹಾ ಹೈ’ ಅಂದ. ಹೊಳೀತಾ ಇದೆ ಅಂತ ಅವನು ಹೇಳಿದ್ದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗ್ಲಿಲ್ಲ. ‘ಫಂಗಸ್ ಹೈ, ಫೇಂಕ್ ದೋ’ ಅಂದೆ. ಮೂಸಿ ನೋಡಬೇಕಿತ್ತು, ಮೂಗಿಗೆ ಮಾಸ್ಕ್, ಅದರ ಮೇಲೆ ಪಕ್ಕದಲ್ಲಿ ಸ್ಪಂಜ್ ಬ್ಯಾಟರ್‌ಗೆ ಎಸೆನ್ಸ್ ಸುರಿದಿದ್ರು, ಇಡೀ ರೂಮೇ ವೆನಿಲ್ಲಾ ವಾಸನೆ. ಹಸಿ ಕಸದ ಬಿನ್ನಿಗೆ ಹೋಯ್ತು. ನಾನೋ ಶಿಸ್ತಿನ ಸಿಪಾಯಿ, ಬಿಸಾಕೋ ಮುಂಚೆ ತೂಕ ಹಾಕಿಸಿ ರಿಜಿಸ್ಟರಲ್ಲಿ ಬರೆದೆ: ವೆನಿಲ್ಲಾ ಬೀನ್ಸ್, 180 ಗ್ರಾಂ, ಕಾರಣ ಫಂಗಸ್, ಕೆಳಗೆ ನನ್ನ ಸೈನು.

ಆಡಿಟ್ ಚೆನ್ನಾಗೇ ಹೋಯ್ತು. ಆಡಿಟರ್ ವೇಸ್ಟೇಜ್ ರಿಜಿಸ್ಟರ್ ತಿರುವಿ ಹಾಕಿ ಆ ಲೈನ್ ಹತ್ರಾನೇ ನಿಂತು ‘ಗುಡ್ ಪ್ರಾಕ್ಟೀಸ್’ ಅಂದ್ರು. ನಾನು ಉಬ್ಬಿಹೋದೆ. ಪಕ್ಕದಲ್ಲಿದ್ದ ಮೇಡಂ ಕೂಡ ನಗ್ತಾ ಬಗ್ಗಿ ನೋಡಿದ್ರು, ಬೆರಳು ಆ ಲೈನ್ ಮೇಲೆ ಹೋಯ್ತು, ಅಲ್ಲೇ ನಿಂತ್ಕೊಳ್ತು. ನಗು ಮುಖದಲ್ಲೇ ಇತ್ತು, ಆದ್ರೆ ಕಣ್ಣು ನನ್ನ ಕಡೆ ತಿರುಗಿದ್ದು ನೋಡಿ ನಂಗೆ ಏನೋ ಎಡವಟ್ಟಾಗಿದೆ ಅಂತ ಗೊತ್ತಾಯ್ತು. ಏನು ಅಂತ ಮಾತ್ರ ಗೊತ್ತಿಲ್ಲ. ಆಡಿಟರ್ ಎದುರು ಅವರು ಬಾಯಿ ಬಿಡೋ ಹಂಗಿಲ್ಲ, ನಾನು ಕೇಳೋ ಹಂಗಿಲ್ಲ. ಆಮೇಲೆ ಗ್ರೀಸ್ ಟ್ರ್ಯಾಪು, ವಾಟರ್ ಟೆಸ್ಟ್ ರಿಪೋರ್ಟು, ಸ್ಟಾಫ್ ಮೆಡಿಕಲ್ ಫಿಟ್‌ನೆಸ್ಸು ಅಂತ ಇಪ್ಪತ್ತು ನಿಮಿಷ. ನನ್ನ ಸರ್ವಿಸಲ್ಲೇ ಅಷ್ಟು ಉದ್ದದ ಇಪ್ಪತ್ತು ನಿಮಿಷ ನೋಡಿಲ್ಲ.

ಆಡಿಟರ್‌ಗೆ ಕಾಫಿ ಕೊಟ್ಟು ಕೂರಿಸಿ ಮೇಡಂ ನನ್ನ ಪ್ಯಾಸೇಜಿಗೆ ಕರೆದ್ರು.

‘ಭಟ್ರೇ, ಬಿಳಿ ಇತ್ತಾ?’

‘ಹೌದು ಮೇಡಂ, ಫುಲ್.’

‘ಹತ್ತಿ ತರ ಇತ್ತಾ, ಸೂಜಿ ತರ ಇತ್ತಾ?’

‘ಸೂಜಿ… ಹೊಳೀತಿತ್ತು ಮೇಡಂ.’

ಅವರು ಗೋಡೆಗೆ ಒರಗಿದ್ರು. ಅದು ಬೂಷ್ಟಲ್ಲ, ವೆನಿಲಿನ್ ಹರಳು. ಚೆನ್ನಾಗಿ ಕ್ಯೂರ್ ಆದ ಕೋಡು ಮುಚ್ಚಿದ ಡಬ್ಬಿಲಿ ತಿಂಗಳುಗಟ್ಟಲೆ ಕೂತ್ರೆ ಒಳಗಿನ ವೆನಿಲಿನ್ನೇ ಹೊರಗೆ ಬಂದು ಹರಳು ಕಟ್ಟುತ್ತಂತೆ, ಫ್ರೆಂಚರು ಅದಕ್ಕೆ ಗಿವ್ರ್ ಅಂತಾರೆ, ಹಿಮ ಬಿದ್ದಂಗೆ ಅಂತ. ಒಳ್ಳೇ ಮಾಲಿನ ಗುರುತು ಅದು. ಪುತ್ತೂರು ಕಡೆಯ ಅವರ ಚಿಕ್ಕಪ್ಪ ಎರಡು ವರ್ಷ ಜೋಪಾನ ಮಾಡಿ ಕೊಟ್ಟಿದ್ದಂತೆ.

ಕಸದ ಗಾಡಿ ಹನ್ನೆರಡಕ್ಕೆ ಬರುತ್ತೆ. ಟೈಮ್ ಹನ್ನೊಂದೂ ಐವತ್ತು. ನಾನೂ ಆ ಹುಡುಗನೂ ಹಿಂದಕ್ಕೆ ಓಡಿ ಬಿನ್ನು ಟಾರ್ಪಾಲಿನ ಮೇಲೆ ಬೋರಲು ಹಾಕಿದ್ವಿ. ಮೊಟ್ಟೆ ಸಿಪ್ಪೆ, ಮಾವಿನ ಸಿಪ್ಪೆ, ಯಾರೋ ತಿಂದು ಬಿಟ್ಟ ಪುಳಿಯೋಗರೆ. ಕೋಡುಗಳು ಒಂದೊಂದಾಗಿ ಸಿಕ್ತಾ ಬಂದ್ವು, ಮೈಗೆಲ್ಲಾ ಮೊಟ್ಟೆ ಲೋಳೆ. ಮೇಡಂ ಮೇಲಿಂದ ಬಾಲ್ಕನಿಲಿ ನಿಂತು ಮೆಲ್ಲಗೆ ‘ತೊಳೆದು ವೋಡ್ಕಾಗೆ ಹಾಕಿದ್ರೆ ಎಲ್ಲಾ ಸಾಯುತ್ತಲ್ವಾ?’ ಅಂದ್ರು. ಒಳಗೆ ಆಡಿಟರ್ ಇನ್ನೂ ಕಾಫಿ ಕುಡೀತಿದ್ದಾರೆ, ನನ್ನ ಕೈಲಿ ಹಸಿ ಮೊಟ್ಟೆ ಮೆತ್ತಿದ ಕೋಡು. ಬೇಡ ಮೇಡಂ ಅಂದೆ. ತಪ್ಪೂ ನಂದೇ, ಬೇಡ ಅನ್ನೋನೂ ನಾನೇ, ಆ ಹೊತ್ತಲ್ಲಿ ಅದಕ್ಕಿಂತ ಕಷ್ಟದ ಮಾತು ಇನ್ನೊಂದಿರಲಿಲ್ಲ. ಬಟರ್ ಪೇಪರ್ ಮಡಿಕೆ ಒಳಗೇ ಸಿಕ್ಕಿಹಾಕ್ಕೊಂಡಿದ್ದ ಆರು ಕೋಡಿಗೆ ಮಾತ್ರ ಏನೂ ತಾಗಿರಲಿಲ್ಲ. ಮಾಸ್ಕ್ ಇಳಿಸಿ ಮೂಸಿದೆ. ಏನ್ ಹೇಳಲಿ, ಬೆಲ್ಲದ ಪಾಕ, ಒಣದ್ರಾಕ್ಷಿ, ಹಳೇ ಮರದ ಪೆಟ್ಟಿಗೆ ಎಲ್ಲಾ ಒಟ್ಟಿಗೆ ಬಂದಂಗೆ. ಬಿಸಿಲಿಗೆ ಹಿಡಿದ್ರೆ ಮಿಣಮಿಣ ಅಂತಿತ್ತು, ಬೆರಳಲ್ಲಿ ಉಜ್ಜಿದ್ರೆ ಸಕ್ಕರೆ ಪುಡಿ ತರ ತರಿತರಿ. ಬೂಷ್ಟಾದ್ರೆ ಮಂಕಾಗಿ ನಾರುನಾರಾಗಿ ಇರುತ್ತೆ, ಮುಗ್ಗಲು ವಾಸನೆ ಹೊಡಿಯುತ್ತೆ. ಎರಡು ನಿಮಿಷದ ಕೆಲಸ ಇದು.

ಇದಕ್ಕಿಂತ ಹೆಚ್ಚು ಉರಿಯೋದು ಯಾಕೆ ಗೊತ್ತಾ? ನಮ್ಮೂರು ಸಿರ್ಸಿ ಕಡೆ. 2003ರ ಹೊತ್ತಿಗೆ ನಮ್ಮನೇಲೂ ಅಡಿಕೆ ತೋಟದಲ್ಲಿ ವೆನಿಲ್ಲಾ ಬಳ್ಳಿ ಇತ್ತು. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಹೊಡೆದು ರೇಟು ಏರಿ, ಹಸಿ ಕೋಡು ಕೆಜಿಗೆ 3000 ರೂಪಾಯಿ ದಾಟಿ, ಜನ ರಾತ್ರಿ ಟಾರ್ಚ್ ಹಿಡಿದು ತೋಟ ಕಾಯ್ತಿದ್ರು. ಹೂವು ಅರಳೋದು ಒಂದೇ ದಿನ, ಬೆಳಿಗ್ಗೆ ಸ್ಕೂಲಿಗೆ ಹೋಗೋ ಮುಂಚೆ ಕಡ್ಡಿ ಹಿಡ್ಕೊಂಡು ಒಂದೊಂದು ಹೂವಿಗೂ ನಾನೇ ಪರಾಗ ಒತ್ತಿದ್ದೀನಿ. ಈ ಕಡ್ಡಿ ವಿದ್ಯೆ ಕಂಡುಹಿಡಿದಿದ್ದೂ ಒಬ್ಬ ಹುಡುಗನೇ, 1841ರಲ್ಲಿ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್, 12 ವರ್ಷದ ಗುಲಾಮ. ನಮ್ಮ ಕಡೆ ಆಮೇಲೆ ರೇಟು ಬಿತ್ತು, ನೂರಕ್ಕೂ ಕೇಳೋರಿಲ್ಲ, ಬಳ್ಳಿ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದ್ವಿ. ಐವತ್ತು ಕೋಡು ಅಂದ್ರೆ ಐವತ್ತು ಹೂವು, ಯಾರೋ ಐವತ್ತು ಸಲ ಕಡ್ಡಿ ಹಿಡಿದಿದ್ದು. ಹಸೀದು ಆರು ಕೆಜಿ ಹಾಕಿದ್ರೆ ಒಣಗಿದ್ದು ಒಂದು ಕೆಜಿ ಬರೋದು. ಅಂಥ ಮನೆಯವನು ನಾನು, ಹರಳು ಕಂಡು ಬೂಷ್ಟು ಅಂದೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ‘ಹಸೀದೇ ಕೊಟ್ಟಿದ್ದಲ್ದನೋ ತಮಾ, ಒಣಗಿದ್ದನ್ನ ಯಾರ್ ನೋಡಿದ್ದ’ ಅಂದ್ರು. ನಿಜ. ನೀರಲ್ಲಿ ಅದ್ದಿ, ಕಂಬಳಿ ಸುತ್ತಿ ಬೆವರಿಸಿ, ತಿಂಗಳುಗಟ್ಟಲೆ ಒಣಗಿಸೋ ಕೆಲಸ ಎಲ್ಲಾ ಕೊಂಡವರದ್ದು. ನಮ್ಮ ತೋಟದ ವೆನಿಲ್ಲಾ ಕಡೇಗೆ ಹೆಂಗ್ ಕಾಣುತ್ತೆ ಅಂತ ಬೆಳೆದ ನಮಗೇ ಗೊತ್ತಿರಲಿಲ್ಲ.

ಮಾರನೇ ದಿನ ಯೂನಿಫಾರ್ಮಲ್ಲೇ ವೈನ್ ಶಾಪಿಗೆ ಹೋಗಿ ನನ್ನ ದುಡ್ಡಲ್ಲಿ ಒಂದು ಕ್ವಾರ್ಟರ್ ವೋಡ್ಕಾ ತಂದೆ. ಆರು ಕೋಡು, 18 ಗ್ರಾಂ, 180 ಎಂಎಲ್, ಲೆಕ್ಕ ಸರಿಯಾಗಿ ಕೂತ್ಕೊಳ್ತು. ಮೇಡಂ ತಾವೇ ಸೀಳಿ ಹಾಕಿದ್ರು. ನಂಗೆ ಬೈಲಿಲ್ಲ, ಅದೇ ಒಂಥರಾ ಹಿಂಸೆ. ನಾನೂ ಧೈರ್ಯ ಮಾಡಿ ಹೇಳಿದೆ, ಮೇಡಂ ಮೇಲಿನ ಸಾಮಾನು ಕೆಳಗೆ ಇಡೋದಾದ್ರೆ ಒಂದು ಲೇಬಲ್ ಹಾಕಿ, ಇಲ್ಲಾಂದ್ರೆ ನಂಗೆ ಒಂದು ಮೆಸೇಜ್ ಹಾಕಿ. ಆಯ್ತು ಆಯ್ತು ಅಂದ್ರು. ಆ ಹುಡುಗನ ಹತ್ರಾನೂ ಹೋಗಿ ನೀನು ಹೇಳಿದ್ದೇ ಸರಿ ಇತ್ತು ಅಂದೆ, ಅವನು ಹಲ್ಲು ಬಿಟ್ಟ, ಅವತ್ತಿಂದ ಕಿಚನಲ್ಲಿ ನನ್ನ ಹೆಸರು ಫಂಗಸ್ ಭಯ್ಯಾ.

ಬಾಟ್ಲಿಗೆ ಈಗ ನಾಲ್ಕು ತಿಂಗಳು, ಬಣ್ಣ ಡಿಕಾಕ್ಷನ್ ತರ ಆಗಿದೆ. ಪ್ರತಿ ಸೋಮವಾರ ಮೇಲೆ ಹೋಗಿ ಅಲ್ಲಾಡಿಸಿ ಬರೋ ಡ್ಯೂಟಿ ನಂದು.

ನಿನ್ನೆ ಡ್ರೈ ಸ್ಟೋರಲ್ಲಿ ಮತ್ತೊಂದು ಡಬ್ಬಿ. ಲೇಬಲ್ ಇಲ್ಲ. ಬಾಗಿಲು ಹಾಕ್ಕೊಂಡು, ಮಾಸ್ಕ್ ಇಳಿಸಿ, ಮುಚ್ಚಳ ತೆಗೆದು ಚೆನ್ನಾಗಿ ಮೂಸಿದೆ. ಇಂಗು.