ತೋಟದವರಿಗೆ ಬಿಡುವು ಅಂತ ಇರುತ್ತಾ?

ಬೆಂಗಳೂರಿನಿಂದ ಬರುವ ನೆಂಟರು, ಹಳೇ ಸ್ನೇಹಿತರು, ಎಲ್ಲರದೂ ಇದೇ ಪ್ರಶ್ನೆ. "ಮನೆ, ತೋಟ ಎರಡೂ ಒಂದೇ ಕಡೆ. ಹಾಗಾದ್ರೆ ಕೆಲಸ ಮುಗಿಯೋದು ಯಾವಾಗ, ಹೆಂಡತಿ ಮಕ್ಕಳ ಜೊತೆ ಇರೋದು ಯಾವಾಗ?" ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ.

ನಾನು ಹೇಳುವುದು ಇಷ್ಟೇ. ನಾಳೆಗೆ ಬಿಟ್ಟರೆ ಕೆಡುವ ಕೆಲಸ ಯಾವುದು, ಕೆಡದ ಕೆಲಸ ಯಾವುದು ಅಂತ ಮೊದಲು ಬೇರೆ ಮಾಡಿಕೊಳ್ಳಿ.

ನಮ್ಮಲ್ಲಿ ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ. ಸಂಜೆ ಕೆಲಸದವರು ಚೀಲ ತಂದು ತೂಕ ಮಾಡಿಸಿ ಹೋದ ಮೇಲೆ ಪಲ್ಪರ್, ಅಂದ್ರೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಶುರು. ಕೊಯ್ದ ಹಣ್ಣನ್ನು ಅವತ್ತೇ ಪಲ್ಪರ್‌ಗೆ ಹಾಕಬೇಕು, ರಾತ್ರಿಯಿಡೀ ಚೀಲದಲ್ಲೇ ಬಿಟ್ಟರೆ ಒಳಗೇ ಬಿಸಿಯಾಗಿ ಹುಳಿ ವಾಸನೆ ಹಿಡಿಯುತ್ತದೆ, ಕುಡಿಯುವ ಕಾಫಿಯಲ್ಲೂ ಆ ದೋಷ ಉಳಿಯುತ್ತದೆ. ಕಣದಲ್ಲಿ ಒಣಗುತ್ತಿರುವುದಕ್ಕೆ ಇಬ್ಬನಿ ಬೀಳುವ ಮೊದಲು ಟಾರ್ಪಾಲ್ ಹೊದಿಸಬೇಕು. ಮಗಳು ಮಗ್ಗಿ ಪುಸ್ತಕ ಹಿಡಿದು ಅಲ್ಲಿಗೇ ಬರುತ್ತಾಳೆ, ಪಲ್ಪರ್ ಸದ್ದಿನಲ್ಲಿ ಹದಿಮೂರರ ಮಗ್ಗಿ ಕೂಗಿ ಕೂಗಿ ಒಪ್ಪಿಸುತ್ತಾಳೆ. ಆ ದಿನಗಳಲ್ಲಿ ಊಟ ತಡವಾದರೆ ಮನೆಯಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆದರೆ ಲೆಕ್ಕ ಬರೆಯೋದು, ವ್ಯಾಪಾರಿ ಜೊತೆ ರೇಟು ಮಾತಾಡೋದು, ರಾತ್ರಿ ಹತ್ತಕ್ಕೆ ವಾಟ್ಸಾಪ್‌ನಲ್ಲಿ ಬರುವ ಮೆಸೇಜು? ಬೆಳಿಗ್ಗೆವರೆಗೆ ಅದಕ್ಕೇನೂ ಆಗುವುದಿಲ್ಲ. ನಮ್ಮ ಸಂಜೆಗಳನ್ನು ತಿಂದುಹಾಕುವುದು ಬಹುಪಾಲು ಇಂಥವೇ ಅಲ್ವಾ? ಆಫೀಸಿನವರೂ ಲ್ಯಾಪ್‌ಟಾಪ್ ಮತ್ತೆ ತೆರೆಯುವ ಮೊದಲು ಇದೊಂದು ಪ್ರಶ್ನೆ ಕೇಳಿಕೊಳ್ಳಲಿ: ಇದು ಬೆಳಗಾಗುವಷ್ಟರಲ್ಲಿ ಕೆಡುತ್ತಾ?

ದಿನದಿನಕ್ಕೂ ಅರ್ಧ ಕೆಲಸಕ್ಕೆ, ಅರ್ಧ ಮನೆಗೆ ಅನ್ನುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಕೊಯ್ಲಿನಲ್ಲಿ ಅದು ಆಗುವುದೇ ಇಲ್ಲ. ಹಾಗಂತ ವರ್ಷವಿಡೀ ಕೊಯ್ಲಿನ ಹಾಗೇ ಓಡುತ್ತಿದ್ದರೆ ಮೈ ಬಿಡುವುದಿಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲೇ ಹೇಳಿವೆ. ತೋಟದ ಕಾರ್ಮಿಕರಿಗೆ ವಾರಕ್ಕೊಂದು ರಜೆ ಅಂತ 1951ರ ಕಾಯ್ದೆಯಲ್ಲೇ ಬರೆದಿತ್ತು. ನಮ್ಮಂಥ ಸಣ್ಣ ಬೆಳೆಗಾರರಿಗೆ ಯಾರೂ ಬರೆದುಕೊಡುವುದಿಲ್ಲ, ನಾವೇ ಬರೆದುಕೊಳ್ಳಬೇಕು.

ಹಾಗಾಗಿ ಮನೆಯಲ್ಲಿ ಮೊದಲೇ ಮಾತಾಡಿಕೊಂಡಿದ್ದೇವೆ. ಡಿಸೆಂಬರ್‌ನಲ್ಲಿ ಮದುವೆ ಮುಂಜಿ ಬಂದರೆ ಹೆಂಡತಿ ಒಬ್ಬಳೇ ಹೋಗಿ ಬರುತ್ತಾಳೆ, ಅದಕ್ಕೆ ಸುಮ್ನೆ ಜಗಳ ಇಲ್ಲ. ಜುಲೈ ಮಳೆಯಲ್ಲಿ ತೋಟದ ಕೆಲಸ ಕಮ್ಮಿ. ಆಗ ಮಕ್ಕಳು ಸ್ಕೂಲಿಂದ ಬರುವ ಹೊತ್ತಿಗೆ ನಾನು ಮನೆಯಲ್ಲೇ ಇರಬೇಕು, ಅದು ನನ್ನ ಪಾಲಿನ ಮಾತು. ನಾಲ್ಕು ದಿನ ಅರಕಲಗೂಡಿನ ಅತ್ತೆ ಮನೆಗೂ ಹೋಗುತ್ತೇವೆ. ಕರೆಂಟ್ ಲೈನ್ ಮೇಲೆ ಮರ ಬಿದ್ದರೆ ಮಾತ್ರ ಫೋನ್ ಮಾಡು ಅಂತ ಮೇಸ್ತ್ರಿಗೆ ಹೇಳಿರುತ್ತೇನೆ. ಕಳೆ ತೆಗೆದ ಕೂಲಿ ಲೆಕ್ಕವನ್ನು ಅವರು ಚೀಟಿಯಲ್ಲಿ ಬರೆದಿಟ್ಟುಕೊಂಡು, ನಾವು ಬಂದ ಮೇಲೆ ಕೊಡುತ್ತಾರೆ.